ತುಟಿ ಆಡಿದರೆ ಸಾಕು

ಅಡವಿಯಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು ಎನ್ನುವವರು ಅವನನ್ನು ಸರಿಯಾಗಿ ನೋಡಿಲ್ಲ. ಅವನಿಗೆ ಮೈಯೆಲ್ಲ ಸಿಟ್ಟೇ. ಮೂಗಿನ ತುದಿಯವರೆಗೆ ಬಂದದ್ದು ಸ್ವಲ್ಪ ಮಾತ್ರ. ಬರಬೇಕಾದ್ದೇ ಬಿಡಿ. ಗುಬ್ಬಿ ತಾಲ್ಲೂಕಿನ ಸೂಜಿಕಲ್ಲು ಹಟ್ಟಿಯ ಕಾಡುಗೊಲ್ಲರವನು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಓದಿದ, ಎಪ್ಪತ್ತರಲ್ಲಿ ಸಿನಿಮಾದವರ ಸಹವಾಸಕ್ಕೆ ಬಿದ್ದ, ಹತ್ತು ವರ್ಷ ಕಂಡವರ ಚಿತ್ರಗಳಿಗೆ ಮಾತು ಬರೆದ. ನಾಯಕನ ಮಾತು ಬರೆಯುವವರು ಬೇರೆ ಇದ್ದರು. ದನ ಕಾಯುವವನ ಮಾತು, ಕಳ್ಳನ ಮಾತು, ಕುಡುಕನ ಮಾತು ಇವನ ಪಾಲಿಗೆ.

ಒಮ್ಮೆ ಮದ್ರಾಸಿನ ಸೆಟ್ಟಿನಲ್ಲಿ ಒಬ್ಬ ನಿರ್ದೇಶಕರು ಇವನನ್ನು ಕರೆದು, "ಕಾಡುಜನ ತಲೆಗೆ ಕೋಳಿ ಗರಿ ಸಿಕ್ಕಿಸ್ಕೊಂಡು ಬೆಂಕಿ ಸುತ್ತ ಕುಣೀತಾರೆ, ಅವರ ಭಾಷೇಲಿ ನಾಲ್ಕು ಸಾಲು ಬರ್ಕೊಡಿ" ಎಂದರು.

"ಸ್ವಾಮಿ, ನಮ್ಮ ಹಟ್ಟಿ ಒಳಕ್ಕೆ ಕೋಳೀನೇ ಬಿಡಲ್ಲ. ನಮ್ಮ ದೇವ್ರಿಗೆ ಆಗಲ್ಲ. ಗರಿ ಎಲ್ಲಿಂದ ತರೋದು? ನಮ್ಮ ಭಾಷೆ ಅಂದ್ರೆ ಇದೇ, ನಿಮ್ಮ ಹತ್ರ ಆಡ್ತಾ ಇದೀನಲ್ಲ ಇದು."

"ಹಾಗಾದ್ರೆ ನೀವೆಂಥ ಕಾಡುಜನಾರೀ?" ಎಂದು ಅವರು ನಕ್ಕರು. ಲೈಟ್ ಹಿಡಿದವರೂ ನಕ್ಕರು. ಅಡವಿಯಪ್ಪ ಕೈಯಲ್ಲಿದ್ದ ಕಾಗದದ ಕಟ್ಟನ್ನು ಅವರ ಮುಖದ ಮೇಲೆ ಎಸೆದು ಬಂದ. ಆಮೇಲೆ ಒಂದು ವರ್ಷ ಯಾರೂ ಕರೆಯಲಿಲ್ಲ. ಆ ವರ್ಷ ಅವನು ತುಮಕೂರಿನ ಮರಳೂರಿನ ಬಾಡಿಗೆ ಮನೆಯಲ್ಲಿ ಕೂತು ತನ್ನದೇ ಚಿತ್ರ ಬರೆದ.

ಆ ಕಥೆ ಅವನ ಎದೆಯಲ್ಲಿ ಹತ್ತನೇ ವಯಸ್ಸಿನಿಂದ ಕೂತಿತ್ತು. ಹಟ್ಟಿಯ ದನಗಳು ತಲೆತಲಾಂತರದಿಂದ ಮೇಯುತ್ತಿದ್ದ ಕಾವಲಿಗೆ ಸರ್ಕಾರದವರು ಬಂದು ತಂತಿ ಬೇಲಿ ಹಾಕಿದ್ದರು. ಬೇಲಿ ದಾಟಿದ ದನಗಳನ್ನು ದೊಡ್ಡಿಗೆ ಅಟ್ಟಿದ್ದರು. ಅಪ್ಪ ದೊಡ್ಡಿಯ ಬಾಗಿಲಲ್ಲಿ ಮೂರು ದಿನ ಉಪವಾಸ ಕೂತು, ಅದೇ ಕೊರಗಿನಲ್ಲಿ ವರ್ಷ ತುಂಬುವುದರೊಳಗೆ ಸತ್ತ. ಅದನ್ನು ಪರದೆಯ ಮೇಲೆ ಕೂಗಿ ಹೇಳಬೇಕು, ಹಟ್ಟಿಯವರೇ ಹಟ್ಟಿಯವರಾಗಿ ನಿಲ್ಲಬೇಕು, ಕೊನೆಗೆ ತಾಯಿ ಸರ್ಕಾರಕ್ಕೆ ಶಾಪ ಹಾಕಬೇಕು. ತಾಯಿಯ ಪಾತ್ರ ತನ್ನ ತಾಯಿ ಗಿರಿಯಮ್ಮನೇ ಮಾಡಬೇಕು. ಇಷ್ಟು ಆಗದಿದ್ದರೆ ತಾನು ಹುಟ್ಟಿದ್ದೇ ದಂಡ ಎಂದುಕೊಂಡಿದ್ದ.

ಹಣ ಹಾಕುವವರು ಕುಣಿಗಲ್‌ನಲ್ಲಿ ಸಿಕ್ಕರು. ಲಕ್ಷ್ಮೀನರಸಿಂಹಯ್ಯ ಎಂದು, ಅಮೃತೂರಿನಲ್ಲಿ ಟೂರಿಂಗ್ ಟಾಕೀಸ್ ನಡೆಸುತ್ತಿದ್ದವರು. ಕಂಡವರ ಚಿತ್ರ ಓಡಿಸಿ ಓಡಿಸಿ ಸಾಕಾಗಿ, ಸಾಯುವುದರೊಳಗೆ ತಮ್ಮದೊಂದು ಚಿತ್ರ ಆಗಲಿ ಎಂಬ ಆಸೆ ಅವರಿಗೆ. ಕುಣಿಗಲ್ಲಿನ ಮನೆಯ ಜಗಲಿಯಲ್ಲಿ ಕಥೆ ಕೇಳಿ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು.

"ಮಾಡೋಣ ಕಣಯ್ಯ. ಯಡಿಯೂರು ಸಿದ್ಧಲಿಂಗಪ್ಪನಾಣೆ, ಮಾಡೋಣ. ಆದ್ರೆ ಸೆಟ್ಟು ಗಿಟ್ಟು ಅಂತ ಕೇಳ್ಬೇಡ. ನಿನ್ನ ಹಟ್ಟಿಲೇ ತೆಗೀಬೇಕು. ಧ್ವನಿ ಎಲ್ಲಾ ಆಮೇಲೆ ಮದ್ರಾಸಲ್ಲಿ ಸೇರಿಸ್ಕೊಳ್ಳೋಣ. ನಿನ್ನ ಜನ ಕ್ಯಾಮರಾ ಮುಂದೆ ತುಟಿ ಆಡಿಸಿದ್ರೆ ಸಾಕು."

ಸರಿ, ಇನ್ನು ಹಟ್ಟಿ ಒಪ್ಪಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಸೂಜಿಕಲ್ಲು ಹಟ್ಟಿಯ ಪೂಜಾರಿ ಜುಂಜಪ್ಪ ಆ ಗಾದೆ ಹುಟ್ಟುವುದಕ್ಕೇ ಹುಟ್ಟಿದಂಥವನು. ದೇವರ ಗುಡಿಸಲ ಮುಂದೆ ಕಂಬಳಿ ಹಾಸಿಕೊಂಡು ಕೂತು ಅಡವಿಯಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ತಗೀಲಾ, ಬ್ಯಾಡ ಅನ್ನಲ್ಲ. ಆದ್ರೆ ನಿನ್ನೆಂಡ್ರು ಆ ಪಟ್ಣದಾಗೆ ಮುಟ್ಟಿಲ್ಲ ಮೈಲಿಗೆಯಿಲ್ಲ ಅಂತ ಅವಳೆ. ಈಗ ಬಸ್ರಿ. ಹೆರಿಗೆ ಪದ್ಧತಿ ಪ್ರಕಾರ ಇಲ್ಲೇ ಆಚೆ ಗುಡ್ಲಲ್ಲಿ ಆಗ್ಲಿ. ಆಗ ನೀನು ನಮ್ಮೋನು ಅಂತೀವಿ. ಇಲ್ದಿದ್ರೆ ನಿನ್ನ ಸಿನಿಮಾ ತಗಿಯೋ ಮಿಸನ್ನು ಬೇಲಿ ಒಳಕ್ಕೆ ಬರಂಗಿಲ್ಲ."

ಆಚೆ ಗುಡ್ಲು ಎಂದರೇನು ಅಂತ ಹೇಳಿಬಿಡುತ್ತೇನೆ. ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ. ಬೇಲಿಯ ಹೊರಗೆ ಹೊಂಗೆಮರದ ಕೆಳಗೆ ತೆಂಗಿನಗರಿಯ ಒಂದು ಗೂಡು, ನೆಟ್ಟಗೆ ನಿಲ್ಲಲಾಗದಷ್ಟು ಕುಳ್ಳು. ಮುಟ್ಟಾದವಳು ಅಲ್ಲಿಗೆ, ಹೆರುವವಳು ಅಲ್ಲಿಗೆ. ಹಸುಗೂಸಿನ ಜೊತೆ ತಿಂಗಳುಗಟ್ಟಲೆ. ಗಂಡಸರು ಹತ್ತಿರ ಸುಳಿಯುವಂತಿಲ್ಲ. ಊಟವನ್ನು ಒಂದು ಕಲ್ಲಿನ ಮೇಲೆ ಇಟ್ಟು ಬರುತ್ತಾರೆ. ಇನ್ನೊಂದು ಕಟ್ಟಳೆ ಸೂಜಿಕಲ್ಲಿನದೇ. ಗುಡ್ಲಲ್ಲಿರುವ ಹೆಂಗಸಿನ ದನಿ ದೇವರಿಗೆ ಕೇಳಬಾರದು. ಹಾಗಾಗಿ ಆ ಹಟ್ಟಿಯ ಹೆಂಗಸರು ಬೇಲಿಯ ಆಚೆ ಈಚೆ ನಿಂತು, ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತಾಡುತ್ತಾರೆ. ಐವತ್ತು ಮಾರು ದೂರದಿಂದ ಉಪ್ಪು ಬೇಕಾ ಎಣ್ಣೆ ಬೇಕಾ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಎಷ್ಟು ತಲೆಮಾರು ಬಾಯಿ ಕಟ್ಟಿದರೆ ಇಂಥ ವಿದ್ಯೆ ಬರುತ್ತದೋ, ಆ ದೇವರನ್ನೇ ಕೇಳಬೇಕು. ಅವ್ವನ ಸೆರಗು ಹಿಡಿದು ಬೇಲಿಯ ಹತ್ತಿರ ಬೆಳೆದ ಅಡವಿಯಪ್ಪನಿಗೂ ಆ ವಿದ್ಯೆ ಬರುತ್ತಿತ್ತು.

ಪೂಜಾರಿಯ ಮಾತಿಗೆ ಅಡವಿಯಪ್ಪ ಕೂಗಾಡಿದ. ಎರಡು ದಿನ ಕೂಗಾಡಿದ. ಮೂರನೇ ದಿನ ಮರಳೂರಿಗೆ ಹೋಗಿ ಹೆಂಡತಿ ಚೆನ್ನಮ್ಮನ ಮುಂದೆ ಕೂತ. ಅವಳು ಗಿರಿಯಮ್ಮನ ಅಣ್ಣನ ಮಗಳು, ಅದೇ ಹಟ್ಟಿಯಲ್ಲಿ ಹುಟ್ಟಿದವಳು.

"ಒಂದ್ ತಿಂಗಳ ಮಾತು ಕಣೇ ಚೆನ್ನಿ."

"ಆಸ್ಪತ್ರೇಲಿ ಕಾರ್ಡ್ ಬರ್ಸಿದೀನಿ. ಕಾಲು ಊದ್ಕೊಂಡಿದೆ, ಹುಷಾರಾಗಿರ್ಬೇಕು ಅಂದವ್ರೆ ಡಾಕ್ಟ್ರಮ್ಮ."

"ನಮ್ಮವ್ವ ಅಲ್ಲೇ ಹೆತ್ತಿಲ್ವಾ? ನಾನು ಹುಟ್ಟಿಲ್ವಾ?"

"ಅತ್ತೆ ಆರು ಹೆತ್ರು. ಉಳಿದಿರೋದು ಎಷ್ಟು, ನೀವೇ ಹೇಳಿ."

ಹತ್ತು ವರ್ಷ ಕಂಡವರ ಬಾಯಿಗೆ ಮಾತು ತುರುಕಿದವನು ಆ ಲೆಕ್ಕ ಬಿಟ್ಟು ತನ್ನ ಲೆಕ್ಕ ತೆಗೆದ. "ಈ ಸಿನಿಮಾ ಆಗ್ಲಿಲ್ಲ ಅಂದ್ರೆ ನಾನು ಸತ್ತಂಗೆ ಕಣೇ" ಎಂದ. ಇದಕ್ಕೆ ಯಾವ ಹೆಂಡತಿ ಏನು ಹೇಳಬೇಕು? ಅವಳು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಸರ್ಕಾರದ ಬೇಲಿಯನ್ನು ಸುಟ್ಟುಬಿಡುತ್ತೇನೆ ಎನ್ನುತ್ತಿದ್ದ ಗಂಡಸು ಹೆಂಡತಿಯನ್ನು ಮುಳ್ಳುಬೇಲಿಯ ಆಚೆ ಬಿಟ್ಟು ಬಂದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಎಂಬತ್ತೆರಡರ ದೀಪಾವಳಿಯ ಹೊತ್ತಿಗೆ ಶೂಟಿಂಗ್ ಶುರುವಾಯಿತು. ಲಕ್ಷ್ಮೀನರಸಿಂಹಯ್ಯ ತಮ್ಮ ಹಳೆಯ ಅಂಬಾಸಿಡರ್ ಸಮೇತ ಬಂದು ಕೂತರು. ಎಂಟನೇ ದಿನ ಚೆನ್ನಮ್ಮನಿಗೆ ಹೆಣ್ಣು ಹುಟ್ಟಿತು. ಅದರ ಹಿಂದೆಯೇ ಜಡಿಮಳೆ ಹಿಡಿಯಿತು. ತೆಂಗಿನಗರಿಯ ಮಾಡು ಎಷ್ಟು ತಡೆದೀತು? ಬಾಣಂತಿಯ ಕೆಳಗೆ ನೀರು ಹರಿಯಿತು. ಹುಟ್ಟಿದ ಐದನೇ ದಿನ ಬೆಳಿಗ್ಗೆ ಕೂಸಿನ ಮೈ ಕೆಂಡದ ಹಾಗಾಗಿತ್ತು.

ಗಿರಿಯಮ್ಮ ಮೊದಲು ಪೂಜಾರಿಯ ಹತ್ತಿರ ಹೋದಳು. ಗಾಡಿ ದಾರಿ ದೇವರ ಗುಡಿಸಲ ಮುಂದೆಯೇ ಹಾದುಹೋಗುತ್ತಿತ್ತು. ಸೂತಕದ ಕೂಸು ಆ ದಾರಿಯಲ್ಲಿ ಹೋಗುವ ಹಾಗಿಲ್ಲ ಎಂದ ಜುಂಜಪ್ಪ. ಅವಳು ಅಲ್ಲಿಂದ ಮಗನ ಹತ್ತಿರ ಓಡಿದಳು. ಮಗ ಬೆಟ್ಟದ ಬಂಡೆಯ ಮೇಲೆ ಕ್ಯಾಮರಾ ನಿಲ್ಲಿಸಿಕೊಂಡು ಆಕಾಶ ನೋಡುತ್ತ ಕೂತಿದ್ದ. ಬಿಸಿಲು ಬೇಕಿತ್ತು. ಹಿಂದಿನ ವಾರ ತೆಗೆದ ಅರ್ಧ ದೃಶ್ಯ ಬಿಸಿಲಿನಲ್ಲಿತ್ತು, ಉಳಿದರ್ಧವೂ ಬಿಸಿಲಿನಲ್ಲೇ ಬೇಕು, ಇಲ್ಲದಿದ್ದರೆ ಎರಡೂ ಹೊಂದುವುದಿಲ್ಲ.

"ಮಗೀಗೆ ಸುಡ್ತಾ ಐತೆ ಕಣೋ. ಕಾರ್ ಕಳ್ಸು. ನೀನು ಬಂದು ಎತ್ಕೊಂಡ್ರೆ ಯಾವನು ಅಡ್ಡ ಬರ್ತಾನೆ ನೋಡ್ತೀನಿ."

"ಬಂದೆ ಕಣವ್ವ. ಮೋಡ ಸರೀತಾ ಇದೆ. ಇದೊಂದು ಶಾಟ್ ಮುಗಿಸಿ ಬರ್ತೀನಿ."

ಬಿಸಿಲು ನಾಲ್ಕು ಗಂಟೆಗೆ ಬಂತು. ಶಾಟ್ ಚೆನ್ನಾಗಿ ಬಂತು. ಅವನು ಬಂಡೆ ಇಳಿದು ಬರುವಷ್ಟರಲ್ಲಿ ಹೆಂಗಸರು ಹೊಂಗೆಮರದ ಹಿಂದೆ ಕೂಸನ್ನು ಮಣ್ಣು ಮಾಡಿ ಮುಗಿಸಿದ್ದರು. ಅವನು ಬೇಲಿಯ ಈಚೆ ನಿಂತು ಅತ್ತ. ಆಗಲೂ ದಾಟಲಿಲ್ಲ. ಮಾರನೇ ದಿನ ಶೂಟಿಂಗ್ ನಿಲ್ಲಲಿಲ್ಲ.

ಹನ್ನೊಂದು ದಿನದ ಮೇಲೆ ತಾಯಿಯ ಶಾಪದ ದೃಶ್ಯ. ಮುಂದೆ ಗಿರಿಯಮ್ಮನ ಮುಖ ಪರದೆ ತುಂಬ ಬರಬೇಕು, ಹಿಂದೆ ನಾನೂರು ದನಗಳು ತಂತಿ ಬೇಲಿಗೆ ನುಗ್ಗಬೇಕು. ಮದ್ರಾಸಿನವರ ಮಾತು ದನಗಳಿಗೆ ತಿಳಿಯುವುದಿಲ್ಲ. ಹಾಗಾಗಿ ಅಡವಿಯಪ್ಪನೇ ಮಂದೆಯ ಹಿಂದೆ ಟವಲ್ ಹಿಡಿದು ನಿಂತ. ಅವನಿಗೆ ಕಾಣುತ್ತಿದ್ದದ್ದು ಅವ್ವನ ಬೆನ್ನು ಮಾತ್ರ. ಕ್ಯಾಮರಾ ಪಕ್ಕದಲ್ಲಿ ಸಹಾಯಕನೊಬ್ಬ ಶಾಪದ ಸಾಲುಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅವಳು ಕೇಳಿ ಹೇಳಬೇಕು. ಎರಡು ಸಾಲು ಆಗುವುದರೊಳಗೆ ಸಹಾಯಕ ತಿರುಗಿ, "ಸಾರ್, ಅಜ್ಜಿ ದನೀನೇ ತೆಗೀತಿಲ್ಲ" ಎಂದ. ಲಕ್ಷ್ಮೀನರಸಿಂಹಯ್ಯ ಕೂತಲ್ಲಿಂದಲೇ, "ತುಟಿ ಆಡ್ತಾ ಇದೆಯೋ ಇಲ್ಲವೋ? ಸಾಕು, ಓಡಿಸು" ಎಂದರು. ನಾನೂರು ದನ ನುಗ್ಗಿದವು. ಒಂದೇ ಟೇಕಿಗೆ ಆಯಿತು. ಮಂದೆ ದಿಕ್ಕಾಪಾಲಾಗಿ ಚದುರಿಹೋಯಿತು, ಇನ್ನೊಂದು ಟೇಕಿಗೆ ಫಿಲಂ ಕೂಡ ಉಳಿದಿರಲಿಲ್ಲ.

ಎರಡು ತಿಂಗಳ ಮೇಲೆ ಮದ್ರಾಸಿನ ಎಡಿಟಿಂಗ್ ಟೇಬಲಿನ ಪುಟ್ಟ ಪರದೆಯಲ್ಲಿ ಅಡವಿಯಪ್ಪ ಅವ್ವನ ಮುಖವನ್ನು ಮೊದಲ ಸಲ ಎದುರಿನಿಂದ ನೋಡಿದ. ನೋಡಿದವನೇ ಎಡಿಟರ್ ಭುಜ ಹಿಡಿದು ನಿಲ್ಲಿಸಿದ. "ಮೊದಲಿಂದ ಓಡಿಸಿ." ಮತ್ತೆ ಓಡಿತು. "ಇನ್ನೊಂದ್ ಸಲ." ಎಡಿಟರ್‌ಗೆ ಕಂಡದ್ದು ಮಾತಾಡುವ ಒಬ್ಬ ಮುದುಕಿ. ಅಡವಿಯಪ್ಪನಿಗೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಅವನು ಬರೆದ ಒಂದು ಸಾಲೂ ಅದರಲ್ಲಿರಲಿಲ್ಲ.

"ಅಡವಿಯಪ್ಪಾ, ಸರ್ಕಾರದೋರು ಬೇಲಿ ಹಾಕಿದ್ರು ಅಂತ ಅಳ್ತೀಯ. ನಮ್ಮ ಬೇಲಿ ಯಾರು ಹಾಕಿದ್ದು? ನಾನು ಆರು ಹೆತ್ತೆ. ನಾಕು ಆ ಗುಡ್ಲಲ್ಲೇ ಹೋದ್ವು. ನಿಮ್ಮಪ್ಪ ಈಚೆ ನಿಂತಿದ್ದ. ನೀನು ಓದ್ದೋನು, ನೀನಾದ್ರೂ ದಾಟ್ತೀಯ ಅಂದ್ಕೊಂಡಿದ್ದೆ. ಮಗು ಸಾಯ್ತಿತ್ತು, ನೀನು ಬಿಸಿಲಿಗೆ ಕಾದೆ. ಯಾರಿಗೆ ಸಾಪ ಹಾಕ್ಲಿ ನಾನು, ಹೇಳ್ಲಾ."

ಅಳು ಬಂತೇ ಅಂದರೆ ಇಲ್ಲ. ನಿಜ ಹೇಳಬೇಕಲ್ಲ, ಅವನಿಗೆ ಬಂದದ್ದು ಸಿಟ್ಟು, ಅದೂ ಅವ್ವನ ಮೇಲೆ. ನನ್ನ ಚಿತ್ರದ ಕೊನೆಯನ್ನೇ ಹಾಳು ಮಾಡಿದಳು ಮುದುಕಿ ಎಂದು ಹಲ್ಲು ಕಡಿದ. ಅದೇ ಸಿಟ್ಟಿನಲ್ಲಿ ರೈಲು ಹತ್ತಿ, ಗುಬ್ಬಿಯಲ್ಲಿ ಇಳಿದು, ನಡು ಮಧ್ಯಾಹ್ನ ಹಟ್ಟಿಗೆ ಬಂದ. ಗಿರಿಯಮ್ಮ ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

"ಏನವ್ವಾ ನೀನು ಮಾಡಿದ್ದು?"

"ಮಾತಾಡು ಅಂದೆ. ಆಡ್ದೆ."

"ನಾನು ಬರ್ದಿದ್ದನ್ನ ಆಡು ಅಂದಿದ್ದು!"

"ಅದು ನಿನ್ನ ಮಾತು. ನನ್ನ ಮಾತು ಕೇಳಕ್ಕೆ ನೀನು ಯಾವತ್ತು ನಿಂತಿದ್ದೀಯ? ಆ ಮಿಸನ್ನು ನಿಂತ್ಕೊಂಡು ನೋಡ್ತಾ ಇತ್ತು, ಅದಕ್ಕೆ ಹೇಳ್ದೆ." ಸೊಪ್ಪಿನ ಹೊರೆಯನ್ನು ಕೆಳಗಿಟ್ಟು ಮಗನ ಮುಖ ನೋಡಿದಳು. "ಕೇಳಿಲ್ಲಿ. ಆ ಮಾತ್ನ ಹಂಗೇ ಇರ್ಸು. ಯಾರೋ ಒಬ್ಬಳ ದನೀಲಿ ಹೇಳ್ಸು, ನಂದೇ ಬೇಕಂತಿಲ್ಲ. ಚೆನ್ನಿ ಕೇಳ್ಲಿ. ಪಟ್ಣಕ್ಕೆ ವಾಪಸ್ ಹೋದಾಗ್ಲಿಂದ ಅವಳು ಬಾಯೇ ಬಿಡ್ತಿಲ್ಲ ಅಂತಾರೆ. ಅವಳ ಪರವಾಗಿ ಯಾರೋ ಒಬ್ರು ಆಡಿದ್ರು ಅಂತಾದ್ರೂ ಆಗ್ಲಿ."

"ನೋಡ್ತೀನಿ ಬುಡವ್ವ" ಎಂದ ಅಡವಿಯಪ್ಪ.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಗಂಡಸರನ್ನು ಕಂಡರೆ ನನಗಂತೂ ಮೈ ಉರಿಯುತ್ತದೆ. ನೋಡಿದನೇನು? ನೋಡಿದ. ಮದ್ರಾಸಿಗೆ ಹೋಗಿ, ಮೂರು ದಿನ ಆ ಒಂದು ನಿಮಿಷದ ಫಿಲಮ್ಮನ್ನು ಓಡಿಸಿ ಓಡಿಸಿ ನೋಡಿದ. ಅವ್ವನ ತುಟಿ ಎಲ್ಲಿ ಮುಚ್ಚುತ್ತದೋ ಅಲ್ಲಿ ಮುಚ್ಚುವ, ಎಲ್ಲಿ ತೆರೆಯುತ್ತದೋ ಅಲ್ಲಿ ತೆರೆಯುವ ಬೇರೆ ಮಾತು ಹುಡುಕಿದ. ಸರ್ಕಾರಕ್ಕೆ, ತಂತಿಗೆ, ಸಾಹೇಬರುಗಳಿಗೆ ಶಾಪ. ಅಷ್ಟು ಒಳ್ಳೆಯ ಮಾತನ್ನು ಅವನು ತನ್ನ ಜೀವಮಾನದಲ್ಲಿ ಬರೆದಿರಲಿಲ್ಲ. ನಾಟಕದ ಹಿರಿಯ ನಟಿಯೊಬ್ಬರು ಬಂದು ಮೈಕಿನ ಮುಂದೆ ನಿಂತು ಗುಡುಗಿದರು. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಲಕ್ಷ್ಮೀನರಸಿಂಹಯ್ಯ ಎದ್ದು ಬಂದು ಅವನ ಕೈ ಹಿಡಿದುಕೊಂಡರು. ಈ ಲೋಕದಲ್ಲಿ ಯಾರಿಗೆ ಗೊತ್ತಾಗಬೇಕು ಎಂದುಕೊಂಡ ಅಡವಿಯಪ್ಪ. ಗೊತ್ತಾಗುವವರು ಯಾರೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅವರೆಲ್ಲ ಸಿನಿಮಾಕ್ಕೆ ಎಲ್ಲಿ ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ.

ಎಂಬತ್ತಮೂರರ ಬೇಸಿಗೆಯಲ್ಲಿ ಚಿತ್ರ ಬಿಡುಗಡೆಯಾಯಿತು. ಬೆಂಗಳೂರಿನ ಪತ್ರಿಕೆಗಳು ಹೊಗಳಿದವು. ಬುಡಕಟ್ಟಿನ ಒಡಲಿಂದಲೇ ಬಂದ ಮೊದಲ ನಿರ್ದೇಶಕ, ಬುಡಕಟ್ಟಿನ ತಾಯಿಯ ನಿಜವಾದ ದನಿ ಎಂದೆಲ್ಲ ಬರೆದವು. ನಿಜವಾದ ದನಿಯಂತೆ! ಅಡವಿಯಪ್ಪ ಆ ಪುಟವನ್ನು ಮನೆಗೆ ತಂದ. ಚೆನ್ನಮ್ಮ ಓದಿ, ಮಡಚಿಟ್ಟು, ಅಡುಗೆಮನೆಗೆ ಹೋದಳು. ಕೂಸು ಹೋದಂದಿನಿಂದ ಅವಳು ಅವನೊಡನೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು.

ಚಿತ್ರ ಗುಬ್ಬಿಗೆ ಬಂದಾಗ ಲಕ್ಷ್ಮೀನರಸಿಂಹಯ್ಯನವರಿಗೆ ಹುರುಪು ತಡೆಯಲಾಗಲಿಲ್ಲ. ಭಾನುವಾರದ ಮ್ಯಾಟಿನಿಗೆ ಹಟ್ಟಿಯವರನ್ನೆಲ್ಲ ಕರೆಸುತ್ತೇನೆ ಎಂದು ಲಾರಿ ಕಳಿಸಿದರು. ಅಡವಿಯಪ್ಪ ಬೇಡ ಎಂದ. ಯಾಕಯ್ಯ ಎಂದರು. ಕಾರಣ ಹೇಳುವ ಹಾಗಿರಲಿಲ್ಲ. ಮುಂದಿನ ಮೂರು ಸಾಲು ಬೆಂಚುಗಳ ತುಂಬ ಸೂಜಿಕಲ್ಲಿನ ಹೆಂಗಸರು ಕೂತರು. ನಡುವೆ ಗಿರಿಯಮ್ಮ, ಅವಳ ಪಕ್ಕದಲ್ಲಿ ಬಸ್ಸಿನಲ್ಲಿ ಬಂದಿಳಿದ ಚೆನ್ನಮ್ಮ. ಹಿಂದಿನ ಕುರ್ಚಿಯಲ್ಲಿ, ಲಕ್ಷ್ಮೀನರಸಿಂಹಯ್ಯನವರ ಪಕ್ಕ, ಹೊಸ ಪೇಟ ಸುತ್ತಿಕೊಂಡು ಪೂಜಾರಿ ಜುಂಜಪ್ಪ. ನಿರ್ದೇಶಕ ಎಲ್ಲಿ ಎಂದು ಊರವರು ಹುಡುಕಿದರು. ನಿರ್ದೇಶಕ ಪ್ರೊಜೆಕ್ಟರ್ ಕೋಣೆಯಲ್ಲಿ ಆಪರೇಟರ್ ಪಕ್ಕ ನಿಂತು, ಗೋಡೆಯ ಕಿಂಡಿಯಿಂದ ನೋಡುತ್ತಿದ್ದ. ಆ ಹೆಂಗಸರ ನಡುವೆ ಕೂರುವ ಧೈರ್ಯ ಅವನಿಗಿರಲಿಲ್ಲ.

ಕೊನೆಯ ರೀಲು ಬಂತು. ಗಿರಿಯಮ್ಮನ ಮುಖ ಪರದೆ ತುಂಬಿತು. ನಟಿಯ ದನಿ ಗುಡುಗಿತು. ಊರವರು ಚಪ್ಪಾಳೆ ಹೊಡೆದರು, ಶಿಳ್ಳೆ ಹಾಕಿದರು. ಮುಂದಿನ ಮೂರು ಸಾಲುಗಳಲ್ಲಿ ಒಂದು ಕೈಯೂ ಏಳಲಿಲ್ಲ. ಅವರಿಗೆ ಆ ಗುಡುಗು ಕೇಳುತ್ತಲೇ ಇರಲಿಲ್ಲ. ಅವರು ಬೇಲಿಯಾಚೆಯವಳನ್ನು ನೋಡುವ ಹಾಗೆ ಪರದೆ ನೋಡುತ್ತಿದ್ದರು. ಒಬ್ಬೊಬ್ಬರೇ ಚೆನ್ನಮ್ಮನ ಕಡೆ ತಿರುಗಿದರು.

ಚೆನ್ನಮ್ಮ ಎದ್ದು ನಿಂತಳು. ಪರದೆಯ ಮೇಲಿನ ಅತ್ತೆಯ ತುಟಿ ನೋಡುತ್ತ, ಗಟ್ಟಿ ದನಿಯಲ್ಲಿ ಹೇಳತೊಡಗಿದಳು. "ನಾನು ಆರು ಹೆತ್ತೆ. ನಾಕು ಆ ಗುಡ್ಲಲ್ಲೇ ಹೋದ್ವು…"

"ಏಯ್, ಕೂತ್ಕಳಮ್ಮೋ!" ಎಂದರು ಊರವರು. "ಆ ಎಂಗ್ಸಿನ ಬಾಯಿ ಮುಚ್ಸ್ರೋ!" ಎಂದು ಜುಂಜಪ್ಪ ಎದ್ದ. ಸ್ಪೀಕರಿನ ದನಿಯಲ್ಲಿ ಅವಳ ಮಾತು ಅರ್ಧ ಮುಳುಗಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಪೂರ್ತಿ ಮುಳುಗಿಹೋಗುತ್ತಿತ್ತು, ಚಿತ್ರವೂ ಉಳಿಯುತ್ತಿತ್ತು, ಅಡವಿಯಪ್ಪನ ಹೆಸರೂ ಉಳಿಯುತ್ತಿತ್ತು.

ಅವನಿಗೆ ಮೈಯೆಲ್ಲ ಹೊತ್ತಿಕೊಂಡಿತು. ಜುಂಜಪ್ಪನ ಮೇಲಲ್ಲ, ಶಿಳ್ಳೆ ಹಾಕಿದವರ ಮೇಲಲ್ಲ. ಹುಟ್ಟಿದಾಗಿನಿಂದ ಊರ ಮೇಲೆಲ್ಲ ಎರಚಿಕೊಂಡು ಬಂದ ಸಿಟ್ಟು ಅವತ್ತು ಮೊದಲ ಸಲ ಸರಿಯಾದ ವಿಳಾಸಕ್ಕೆ ಬಂತು. ಥೂ ನನ್ನ ಜನ್ಮಕ್ಕೆ ಎಂದುಕೊಂಡ. ಕೈ ಚಾಚಿ ಸೌಂಡಿನ ಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿದ.

ಥಿಯೇಟರಿನಲ್ಲಿ ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಚೆನ್ನಮ್ಮನ ದನಿಯೊಂದೇ ಉಳಿಯಿತು. "…ನೀನು ಓದ್ದೋನು, ನೀನಾದ್ರೂ ದಾಟ್ತೀಯ ಅಂದ್ಕೊಂಡಿದ್ದೆ. ಮಗು ಸಾಯ್ತಿತ್ತು, ನೀನು ಬಿಸಿಲಿಗೆ ಕಾದೆ. ಯಾರಿಗೆ ಸಾಪ ಹಾಕ್ಲಿ ನಾನು, ಹೇಳ್ಲಾ."

ಪರದೆಯ ಮೇಲೆ ಗಿರಿಯಮ್ಮನ ಮುಖ ಹೋಗಿ ದನಗಳು ಬಂದವು. ಚೆನ್ನಮ್ಮ ನಿಲ್ಲಿಸಲಿಲ್ಲ. ಈಗ ಮಾತು ಅವಳದ್ದೇ.

"ಐದು ದಿನ ಇದ್ಲು. ಎಡಗಿವಿ ಹಿಂದೆ ಮಚ್ಚೆ ಇತ್ತು. ಅವಳಪ್ಪ ನೋಡ್ಲಿಲ್ಲ."

ಅವಳ ಹಿಂದೆ ಇನ್ನೊಬ್ಬಳು ಎದ್ದಳು. "ನಂದು ಗಂಡು. ಮೂರು ದಿನ." ಪಕ್ಕದ ಸಾಲಿನಿಂದ ಒಬ್ಬ ಮುದುಕಿ, ಕೂತೇ, "ನಂದು ಅವಳಿ" ಎಂದಳು. ಜುಂಜಪ್ಪ ಪೇಟ ಕಳಚಿ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ಹೋದ. ಬಾಗಿಲ ಪಕ್ಕದ ಬೆಂಚಿನಲ್ಲಿ ಅವನ ಸೊಸೆಯೇ ಎದ್ದು ನಿಂತು ಮಾತಾಡುತ್ತಿದ್ದಳು.

ಲಕ್ಷ್ಮೀನರಸಿಂಹಯ್ಯ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಕೋಣೆಯ ಬಾಗಿಲು ಬಡಿದರು. "ಅಡವಿಯಪ್ಪಾ, ಸೌಂಡ್ ಕೊಡೋ! ನನ್ನ ಮಾನ ಹೋಗ್ತಿದೆ ಕಣೋ!" ಅಡವಿಯಪ್ಪ ಒಳಗಿನಿಂದ ಚಿಲಕ ಹಾಕಿದ. ರೀಲು ಮುಗಿದು ಪರದೆ ಬೆಳ್ಳಗಾಯಿತು. ಆಪರೇಟರ್ ಗಾಬರಿಯಿಂದ ಅವನ ಮುಖ ನೋಡಿದ.

"ಪಿಚ್ಚರ್ ಮುಗೀತು ಸಾರ್. ಲೈಟ್ ಆರಿಸ್ಲಾ?"

"ಬೇಡ, ಉರೀಲಿ. ಅವರದ್ದು ಇನ್ನೂ ಮುಗಿದಿಲ್ಲ" ಎಂದ ಅಡವಿಯಪ್ಪ. ಎಂದು, ಕಿಂಡಿಗೆ ಕಿವಿಯಿಟ್ಟು, ಒಂದೊಂದನ್ನೂ ಕೇಳುತ್ತ ನಿಂತ.